ಇಪ್ಪತ್ತು ಗುಮಾಸ್ತರಿಗೆ ಒಂದೇ ಪಂಚಪಾತ್ರೆ

ನಮ್ಮ ಅಡಿಗೆಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇಕೂ ಇರಲಿಲ್ಲ. ಅಪ್ಪ ಸಂಧ್ಯಾವಂದನೆಗೆ ಕೂತಾಗ ಹೇಳುತ್ತಿದ್ದ ಕೇಶವ, ನಾರಾಯಣ ಮೊದಲಾದ ಇಪ್ಪತ್ತನಾಲ್ಕು ನಾಮಗಳು ಚಿಕ್ಕಂದಿನಲ್ಲೇ ನನ್ನ ಬಾಯಿಗೆ ಬಂದಿದ್ದವು. ಒಗ್ಗರಣೆಗೆ ಎಣ್ಣೆ ಕಾಯಲು ಎರಡು ಸುತ್ತು, ಹಪ್ಪಳ ಸುಡಲು ಅರ್ಧ ಸುತ್ತು, ಚಹಾ ಇಳಿಸಲು ಒಂಬತ್ತು ಸುತ್ತು. ದೇವರ ಹೆಸರು ಹೇಳಿದಂತೆಯೂ ಆಯಿತು, ಹಾಲೂ ಉಕ್ಕಲಿಲ್ಲ. ಈ ರೂಢಿಯಿಂದ ನಾನೊಮ್ಮೆ ಕಂಪ್ಯೂಟರಿನ ಲೆಕ್ಕದಲ್ಲಿ ತಪ್ಪು ಹಿಡಿದೆ ಎಂದರೆ ನಮ್ಮ ಓಣಿಯಲ್ಲಿ ಈಗಲೂ ಅರ್ಧ ಜನ ನಂಬುವುದಿಲ್ಲ. ತಪ್ಪು ಕಂಪ್ಯೂಟರಿನದಲ್ಲ, ನನ್ನದೇ ಆಗಿತ್ತು ಎಂದರೆ ಮಾತ್ರ ಎಲ್ಲರೂ ಕೂಡಲೇ ನಂಬುತ್ತಾರೆ.

ಎರಡು ಸಾವಿರದ ನಾಲ್ಕನೆಯ ಇಸವಿಯೋ ಐದನೆಯದೋ ಇರಬೇಕು. ಶಹಾಬಾದಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೊಂದು ಕಂಪ್ಯೂಟರ್ ಕ್ಲಾಸು ಇತ್ತು. ಹತ್ತು ಜನ ಸೇರದೆ ಬ್ಯಾಚು ಶುರುವಾಗುವುದಿಲ್ಲವೆಂದು ಒಂಬತ್ತು ಜನರನ್ನು ಕೂಡಿಸಿಕೊಂಡು ಕಾಯುತ್ತಿದ್ದ ಕ್ಲಾಸಿನ ಸರ್ ಒಂದು ದಿನ ಮೆಟ್ಟಿಲು ಹತ್ತಿ ಬಂದರು. "ಅಕ್ಕೋರ, ಮಧ್ಯಾಹ್ನ ಖಾಲಿನೇ ಇರ್ತೀರಿ. ಹತ್ತನೇವ್ರಾಗಿ ಬಂದು ಕುಂದ್ರಿ, ಸಾಕು" ಎಂದರು. ಕೂತೆ. ಕೂತಮೇಲೆ ಸುಮ್ಮನೆ ಕೂರಲಾಗದೆ ಕಲಿತೆ. ಉಳಿದ ಒಂಬತ್ತು ಜನ ಸರ್ಟಿಫಿಕೇಟು ಹಿಡಿದುಕೊಂಡು ಹೋದರು. ನಾನು ಮೇಲಿನ ಮನೆಯವಳಾದ್ದರಿಂದ ಎಲ್ಲಿಗೂ ಹೋಗಲಿಲ್ಲ. ಹಾಗಾಗಿ ಸರ್‌ಗೆ ಕೆಲಸವೊಂದು ಬಂದಾಗ ಕೈಗೆ ಸಿಕ್ಕವಳು ನಾನೇ.

ಕೆಲಸ ಗ್ಯಾಸ್ ಏಜೆನ್ಸಿಯದು. ಒಂದೇ ಮನೆತನದವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳಲ್ಲಿ ಸಿಲಿಂಡರ್ ಕೊಡುತ್ತಿದ್ದರು. ಅಲ್ಲಿಯ ತನಕ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಬುಕಿಂಗನ್ನು ಆ ವರ್ಷ ಕಂಪ್ಯೂಟರಿಗೆ ಹಾಕಿದ್ದರು. ದೊಡ್ಡ ಯಂತ್ರ ಶಹಾಬಾದಿನ ಆಫೀಸಿನ ಹಿಂದಿನ ಕೋಣೆಯಲ್ಲಿ. ಉಳಿದ ಊರಿನ ಕೌಂಟರುಗಳು ಫೋನಿನ ತಂತಿಯ ಮೂಲಕ ಅದನ್ನೇ ಮುಟ್ಟಬೇಕು. ಕಂಪ್ಯೂಟರ್ ಬಂದಮೇಲೆ ಸರತಿ ಚಿಕ್ಕದಾಗಬೇಕಿತ್ತು, ದೊಡ್ಡದಾಯಿತು. ಐದೂ ಊರಲ್ಲಿ ಹಾಗೇ ಆಗಿತ್ತು. ಆದರೆ ಚಿತ್ತಾಪುರದ ಕೌಂಟರಿನ ಎದುರಿಗೇ ಮಾಲೀಕರ ಭಾವಮೈದುನರ ಮನೆ. ಅವರು ದಿನಾ ಕಟ್ಟೆಯ ಮೇಲೆ ಕೂತು ಆ ಸರತಿಯನ್ನು ನೋಡಿ, ದಿನಾ ಫೋನು ಹಚ್ಚಿ ಹೇಳುತ್ತಿದ್ದರು: "ಕೌಂಟರಿನಾಗ ಕುಂತಾಕಿ ಭಾಳ ಸಾವಕಾಶ ಅದಾಳ. ಬದಲ್ಸ್ರಿ." ಅವರ ಅಳಿಯ ಬಿಕಾಂ ಮುಗಿಸಿ ಮನೆಯಲ್ಲಿದ್ದ ಎನ್ನುವುದನ್ನು ಅವರು ಹೇಳುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ಕೌಂಟರಿನಲ್ಲಿ ಕೂರುತ್ತಿದ್ದಾಕೆ ಗುಂಡಗುರ್ತಿಯವಳು. ದಿನಾ ಬಸ್ಸಿನಲ್ಲಿ ಬಂದು ಹೋಗುವಳು. ಅವರ ಮನೆತನದಲ್ಲಿ ಹೊಲದ ಕೆಲಸ ಬಿಟ್ಟು ಕುರ್ಚಿಯ ಮೇಲೆ ಕೂತವಳು ಆಕೆಯೇ ಮೊದಲನೆಯವಳು ಎಂದು ಆಮೇಲೆ ತಿಳಿಯಿತು. ಮಾಲೀಕರು ನ್ಯಾಯವಂತರು, ಆದರೆ ಅವಸರದವರು. "ಮಷೀನ್ ತಡ ಮಾಡ್ಲಿಕತ್ತದೋ, ಮನಶಾ ತಡ ಮಾಡ್ಲಿಕತ್ತಾನೋ, ಅಳದು ಹೇಳ್ರಿ. ಮಷೀನಿಂದು ತಪ್ಪಿಲ್ಲಂದ್ರ ಆಕಿನ್ನ ತಗೀತೀನಿ" ಎಂದು ನಮ್ಮ ಸರ್‌ಗೆ ಹೇಳಿದರು. ನಾವು ಅಳೆಯಬೇಕಾದದ್ದು ಸೆಕೆಂಡುಗಳನ್ನು. ಆ ಸೆಕೆಂಡುಗಳ ತುದಿಯಲ್ಲಿ ಒಬ್ಬಳ ಕುರ್ಚಿ ಇತ್ತು.

ಅಳೆಯುವ ಬಗೆ ಹೀಗೆ. ಪರೀಕ್ಷೆಗೆಂದೇ ಒಂದು ಸಾಫ್ಟ್‌ವೇರ್ ಇರುತ್ತದೆ. ಅದರಲ್ಲಿ ನಾವೊಂದು ಸ್ಕ್ರಿಪ್ಟ್ ಬರೆಯಬೇಕು, ಎಂದರೆ ಗುಮಾಸ್ತನೊಬ್ಬ ಏನೇನು ಮಾಡುತ್ತಾನೋ ಅದನ್ನು ಒಂದೊಂದೇ ಸಾಲಾಗಿ: ಪುಟ ತೆಗೆ, ಗಿರಾಕಿಯ ನಂಬರು ಹೊಡೆ, ಹೆಸರು ಹುಡುಕು, ಬುಕಿಂಗ್ ಉಳಿಸು, ಚೀಟಿ ತೆಗೆ. ಆಮೇಲೆ ಆ ಸ್ಕ್ರಿಪ್ಟನ್ನು ಇಪ್ಪತ್ತು ಸುಳ್ಳು ಗುಮಾಸ್ತರ ಕೈಗೆ ಕೊಟ್ಟು, ಎಲ್ಲರೂ ಒಟ್ಟಿಗೇ ಯಂತ್ರದ ಮೇಲೆ ಬೀಳುವಂತೆ ಮಾಡುವುದು. ಐದು ಊರು, ಊರಿಗೆರಡು ಕಿಟಕಿ, ಹತ್ತಾಯಿತು. ಮಾಲೀಕರು ಮುಂದೆ ಬೆಳೆಯುವವರು, ಆದ್ದರಿಂದ ಇಪ್ಪತ್ತು. ಇಪ್ಪತ್ತು ಮಂದಿಗೂ ಚಹಾ ಬೇಡ, ಊಟ ಬೇಡ. ನನ್ನ ಜೀವನದಲ್ಲಿ ಇಪ್ಪತ್ತು ಜನ ಒಟ್ಟಿಗೆ ಬಂದೂ ನಾನು ಒಲೆ ಹಚ್ಚದೆ ಇದ್ದದ್ದು ಅದೇ ಮೊದಲು. ಅದೂ ಒಂದು ಕೃಪೆಯೇ.

ಹೊತ್ತು ಅಳೆಯಲು ಸ್ಕ್ರಿಪ್ಟಿನಲ್ಲಿ ವೇರಿಯಬಲ್ ಎಂಬುದನ್ನು ಇಟ್ಟುಕೊಳ್ಳುತ್ತೇವೆ. ಅದೊಂದು ಡಬ್ಬಿ. ಕೆಲಸ ಶುರುವಾಗುವ ಕ್ಷಣದಲ್ಲಿ ಗಡಿಯಾರ ನೋಡಿ ಒಂದು ಡಬ್ಬಿಯಲ್ಲಿ ಹಾಕು. ಮುಗಿದ ಕ್ಷಣದಲ್ಲಿ ನೋಡಿ ಇನ್ನೊಂದರಲ್ಲಿ ಹಾಕು. ಎರಡನೆಯದರಿಂದ ಮೊದಲನೆಯದನ್ನು ಕಳೆ. ಉಳಿದದ್ದೇ ಹಿಡಿದ ಹೊತ್ತು. ನಾನು ಮೊದಲ ಡಬ್ಬಿಗೆ 'ಇಟ್ಟದ್ದು' ಎಂದೂ ಎರಡನೆಯದಕ್ಕೆ 'ಇಳಿಸಿದ್ದು' ಎಂದೂ ಹೆಸರಿಟ್ಟೆ. ಸರ್ ನಕ್ಕರು. "ಅಕ್ಕೋರ, ಇದೇನು ಕುಕ್ಕರೇನ್ರಿ?" ಎಂದರು. "ಸರ್, ಮರಿಬಾರ್ದಲ್ರಿ" ಎಂದೆ.

ಮೊದಲ ದಿನ ಸ್ಕ್ರಿಪ್ಟನ್ನು ಒಂದೊಂದು ಊರಿನ ಕಂಪ್ಯೂಟರಿನಲ್ಲೂ ಓಡಿಸಿದೆವು. ಶುರುವಿನ ಹೊತ್ತನ್ನು ಆ ಊರಿನ ಕಂಪ್ಯೂಟರಿನಿಂದ, ಮುಗಿದ ಹೊತ್ತನ್ನು ಶಹಾಬಾದಿನ ದೊಡ್ಡ ಯಂತ್ರದಿಂದ ತೆಗೆದುಕೊಂಡೆವು. ಪ್ರತಿ ಊರಿನವರೂ ಫೋನಿನಲ್ಲಿ ಬಂದ ಅಂಕಿಯನ್ನು ಹೇಳಬೇಕು, ನಾನು ಬರೆದುಕೊಳ್ಳಬೇಕು.

ಸೇಡಮಿನ ಗುಮಾಸ್ತ ಹೇಳಿದ: "ಮೈನಸ್ ಹನ್ನೊಂದು ನಿಮಿಷ ತೋರಿಸ್ಲಿಕತ್ತದ್ರಿ."

"ಮೈನಸ್ ಅಂದ್ರ?"

"ಅಂದ್ರ ಗಿರಾಕಿ ಬರೂಕಿಂತ ಹನ್ನೊಂದು ನಿಮಿಷ ಮದ್ಲೇ ಬುಕಿಂಗ್ ಆಗ್ಯಾದ್ರಿ. ನಮ್ಮ ಸೇಡಂ ಸರ್ವಿಸ್ ಹಂಗ ಅದ."

ಚಿಂಚೋಳಿಯಿಂದ ಬಂದ ಅಂಕಿ ಓದಲು ಅಲ್ಲಿನ ಗುಮಾಸ್ತನಿಗೆ ಎರಡು ಸಲ ಉಸಿರು ತೆಗೆಯಬೇಕಾಯಿತು, ಅಷ್ಟು ಉದ್ದ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಆ ಸೆಕೆಂಡುಗಳನ್ನು ಊಟಕ್ಕೆ ಬಂದಾಗ ತಟ್ಟೆಯ ಪಕ್ಕದಲ್ಲೇ ಲೆಕ್ಕ ಹಾಕಿ, ಇಪ್ಪತ್ತನಾಲ್ಕು ವರ್ಷ ಚಿಲ್ಲರೆ ಎಂದರು. ಚಿಂಚೋಳಿಯ ಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತಿತ್ತಂತೆ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಸಾವಿರದ ಒಂಬೈನೂರ ಎಂಬತ್ತಕ್ಕೆ ಹಿಂದಿರುಗುತ್ತಿತ್ತು. ಇದನ್ನು ಹೇಳಿದರೆ ಆ ಗುಮಾಸ್ತ ಅಲ್ಲಾಡಲಿಲ್ಲ. "ಇದ್ರಾಗ ತಪ್ಪೇನದ್ರಿ ಅಕ್ಕೋರ? ಕುಂಚಾವರಂ ಅಡವಿ ಕಡಿ ಮಂದಿ ಬುಕ್ ಮಾಡಿ ಅಷ್ಟೇ ಕಾಯ್ಲಿಕತ್ತಾರ" ಎಂದ.

ಮೊದಲ ಪಾಠ ಅಲ್ಲಿ ಕಲಿತೆವು. ಗಡಿಯಾರ ಸರಿಯಾಗಿರಬೇಕೆಂದಿಲ್ಲ, ಒಂದೇ ಆಗಿರಬೇಕು. ಹತ್ತು ನಿಮಿಷ ಮುಂದೆ ಓಡುವ ಗಡಿಯಾರವೂ ಎರಡು ಸಲ ನೋಡಿದರೆ ನಡುವಿನ ಹೊತ್ತನ್ನು ಸರಿಯಾಗಿಯೇ ಹೇಳುತ್ತದೆ. ಇಡುವಾಗ ಅತ್ತೆಯ ಗಡಿಯಾರ, ಇಳಿಸುವಾಗ ಸೊಸೆಯ ಗಡಿಯಾರ ನೋಡಿದರೆ ಅನ್ನ ಸೀಯುವುದೇ ಸರಿ. ಆಮೇಲೆ ಇಪ್ಪತ್ತೂ ಗುಮಾಸ್ತರನ್ನು ಶಹಾಬಾದಿನ ಒಂದೇ ಕಂಪ್ಯೂಟರಿನೊಳಗೆ ಕೂಡಿಸಿ, ಎರಡೂ ಹೊತ್ತನ್ನು ಅದರ ಗಡಿಯಾರದಿಂದಲೇ ತೆಗೆದೆವು.

ಇನ್ನೊಂದು ಸೂಕ್ಷ್ಮವೂ ಇತ್ತು. ನಿಜವಾದ ಕೌಂಟರಿನಲ್ಲಿ ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ಸುಳ್ಳು ಗುಮಾಸ್ತರೂ ಅಷ್ಟು ಹೊತ್ತು ಸುಮ್ಮನಿರಬೇಕು, ಆದರೆ ಆ ಹೊತ್ತು ನಮ್ಮ ಅಳತೆಯೊಳಗೆ ಸೇರಬಾರದು. ಎಷ್ಟು ಹೊತ್ತೆಂದು ಸರ್ ಕೇಳಿದಾಗ, ನಾನು ನೀಲಿ ಗ್ಯಾಸ್ ಪುಸ್ತಕ ಹಿಡಿದು ಶಹಾಬಾದಿನ ಸರತಿಯಲ್ಲಿಯೇ ನಿಂತು ನಾಮ ಎಣಿಸಿದೆ. ಮುಂದಿದ್ದ ಮುದುಕಿ ಪುಸ್ತಕವನ್ನು ಸೆರಗಿನ ಗಂಟಿನಿಂದ ಬಿಚ್ಚಲು ಒಂದು ಸುತ್ತು ತೆಗೆದುಕೊಂಡಳು, ವಾಪಸು ಕಟ್ಟಿಕೊಳ್ಳಲು ಒಂದೂವರೆ. "ಏನ್ ಗೊಣಗ್ತೀಯವ್ವ ಬೆನ್ನ ಹಿಂದ, ಬೈಲಿಕತ್ತೀ ಏನು?" ಎಂದು ತಿರುಗಿ ಕೇಳಿದಳು. ದೇವರ ನಾಮ ಎಂದೆ. "ಹಂಗಾರ ಜ್ವಾರಾಗಿ ಅನ್ನು, ನಂಗೂ ಕೇಳ್ಲಿ" ಎಂದಳು. ಆ ದಿನ ಅರ್ಧ ಸರತಿ ನಾಮಸ್ಮರಣೆ ಮಾಡಿತು. ನಮ್ಮ ಮನೆಯ ಸಿಲಿಂಡರೂ ಬುಕ್ಕಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸ್ಕ್ರಿಪ್ಟಿನಲ್ಲಿ ಡಬ್ಬಿಗಳನ್ನು ಎಲ್ಲಿ ಇಡಬೇಕೆಂದು ಕೇಳಿದಾಗ ಸರ್ ಹೇಳಿದ್ದರು: ಮೇಲಿನ ಭಾಗದಲ್ಲಿ ಬರೆದರೆ ಇಪ್ಪತ್ತು ಗುಮಾಸ್ತರಿಗೂ ಸೇರಿ ಒಂದೇ ಡಬ್ಬಿ, ಕೆಳಗೆ, ಒಬ್ಬೊಬ್ಬನ ಕೆಲಸದ ಒಳಗೆ ಬರೆದರೆ ಒಬ್ಬೊಬ್ಬನಿಗೂ ಬೇರೆ ಬೇರೆ ಡಬ್ಬಿ. ನಾನು ಮನೆ ನಡೆಸುವವಳು. ಒಂದು ಸಾಕಾಗುವ ಕಡೆ ಇಪ್ಪತ್ತು ಪಾತ್ರೆ ತೆಗೆದರೆ ತೊಳೆಯುವವರಾರು? ಮೇಲೆಯೇ ಬರೆದೆ. ಸರ್ ನೋಡಿ, "ಶಭಾಷ್ ಅಕ್ಕೋರ, ಮೆಮರಿ ಉಳಿಸಿದ್ರಿ" ಎಂದರು. ನನಗೆ ಎರಡು ದಿನ ಅದೇ ಹೆಮ್ಮೆ.

ಒಬ್ಬನೇ ಗುಮಾಸ್ತನನ್ನು ಬಿಟ್ಟು ನೋಡಿದೆವು: ಒಂದು ಬುಕಿಂಗಿಗೆ ನಾಲ್ಕು ಸೆಕೆಂಡು. ಇಪ್ಪತ್ತೂ ಜನರನ್ನು ಬಿಟ್ಟೆವು: ಸರಾಸರಿ ಮೂರು ಸೆಕೆಂಡು. ಕೆಲವರದಂತೂ ಸೊನ್ನೆ.

ಜನ ಹೆಚ್ಚಾದರೆ ಹೊತ್ತು ಕಡಿಮೆಯಾಗುವುದು ಹೇಗೆ ಎಂದು ಯಾರಿಗಾದರೂ ಅನ್ನಿಸಬೇಕಿತ್ತು. ನನಗೆ ಅನ್ನಿಸಲಿಲ್ಲ. ಮದುವೆಮನೆಯಲ್ಲಿ ಹೋಳಿಗೆ ತಟ್ಟಲು ಇಬ್ಬರಿಗಿಂತ ಹತ್ತು ಜನ ಕೂತರೆ ಬೇಗ ಆಗುವುದಿಲ್ಲವೇ, ಹಾಗೆಯೇ ಎಂದುಕೊಂಡೆ. ಪಟ್ಟಿಯ ತೀರ ಕೊನೆಯ ಕೆಲವು ಸಾಲುಗಳಲ್ಲಿ ಮಾತ್ರ ಇಪ್ಪತ್ತು, ಮೂವತ್ತು, ನಲವತ್ತೊಂದು ಎಂದು ಏರುತ್ತ ಹೋಗಿತ್ತು. ಸರ್ ಅದನ್ನು ನೋಡಿ, "ಕಡೀ ಸಾಲು ಯಾವಾಗ್ಲೂ ಹೊಲಸೇ ಇರ್ತಾವ್ರಿ, ತಗದ್ಹಾಕ್ರಿ" ಎಂದರು. ತಳ ಹಿಡಿದ ಅನ್ನ ಬಿಡುವಂತೆ ಬಿಟ್ಟೆ. ಶುಕ್ರವಾರ ಸಂಜೆಯ ಹೊತ್ತಿಗೆ ಮಾಲೀಕರ ಮೇಜಿನ ಮೇಲೆ ನಮ್ಮ ರಿಪೋರ್ಟು ಇತ್ತು: ಇಪ್ಪತ್ತು ಗುಮಾಸ್ತರು, ಮೂರು ಸೆಕೆಂಡು, ಯಂತ್ರದ್ದು ತಪ್ಪಿಲ್ಲ. ಕೆಳಗೆ ಸರ್ ಸಹಿ, ಅದರ ಕೆಳಗೆ ನನ್ನದು. ಸೋಮವಾರ ಹನ್ನೊಂದು ಗಂಟೆಗೆ ಚಿತ್ತಾಪುರದಾಕೆ ಕೀಲಿಕೈ ತೆಗೆದುಕೊಂಡು ಶಹಾಬಾದಿಗೆ ಬರಬೇಕೆಂದು ಮಾಲೀಕರು ಹೇಳಿಕಳಿಸಿದರು.

ಶನಿವಾರ ಏಕಾದಶಿ. ಉಪವಾಸವಿದ್ದ ದಿನ ಅಡಿಗೆಮನೆಯಲ್ಲಿ ಕೆಲಸವಿಲ್ಲ, ಹೊತ್ತು ಹೋಗುವುದಿಲ್ಲ. ಮಾಲೀಕರಿಗೆ ಒಂದು ಪ್ರತಿ ಹೆಚ್ಚು ಬೇಕಿತ್ತೆಂದು ನಾನೊಬ್ಬಳೇ ಹಿಂದಿನ ಕೋಣೆಯಲ್ಲಿ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸುತ್ತ ಕೂತೆ. ತೆರೆಯ ಮೇಲೆ ಇಪ್ಪತ್ತು ಗುಮಾಸ್ತರಿಗೆ ಇಪ್ಪತ್ತು ಚುಕ್ಕೆ. ಬುಕಿಂಗ್ ಶುರುವಾದರೆ ಹಳದಿ, ಮುಗಿದರೆ ಹಸಿರು. ಏಳನೆಯ ಚುಕ್ಕೆ ಹಳದಿಯಾಯಿತು. ನಾನು ಅದನ್ನೇ ನೋಡುತ್ತ, ಬೇರೆ ಯೋಚನೆಯಿಲ್ಲದೆ, ಕೇಶವ ಎಂದು ಶುರು ಮಾಡಿದೆ. ಒಂದು ಸುತ್ತು ಮುಗಿಯಿತು. ಇನ್ನೂ ಹಳದಿ. ಎರಡನೆಯ ಸುತ್ತು ಮುಗಿಸಿ ಮತ್ತೆ ಕೇಶವ ಎನ್ನುವಾಗ ಹಸಿರಾಯಿತು. ಪಕ್ಕದಲ್ಲಿ ಅಂಕಿ ಬಿತ್ತು: ಎರಡು ಸೆಕೆಂಡು.

ಎರಡು ಸೆಕೆಂಡಿನಲ್ಲಿ ನಲವತ್ತೆಂಟು ನಾಮ. ಅಷ್ಟು ಬೇಗ ಹೇಳಿದರೆ ದೇವರಿಗೂ ಕೇಳಿಸುವುದಿಲ್ಲ.

ಮೊದಲು ನನ್ನನ್ನೇ ಅನುಮಾನಿಸಿದೆ. ಹೊಟ್ಟೆ ಖಾಲಿ, ಮನಸ್ಸು ಎಲ್ಲೋ, ನಾಮ ಎಳೆದು ಹೇಳಿರಬೇಕು. ಮನೆಗೆ ಹೋಗಿ ಯಜಮಾನರನ್ನು ಕೈಗಡಿಯಾರ ಹಿಡಿದು ಎದುರಿಗೆ ಕೂಡಿಸಿದೆ.

"ಯಾಕ?" ಎಂದರು.

"ನಾ ನಾಮ ಹೇಳ್ತೀನಿ, ನೀವು ಸೆಕೆಂಡ್ ನೋಡ್ರಿ."

"ಇಷ್ಟ್ ವರ್ಷಕ್ಕ ಒಂದ್ ಪರೀಕ್ಷಾ ಕೊಡ್ಲಿಕತ್ತೀ ನಂಗ" ಎನ್ನುತ್ತ ನೋಡಿದರು. ಇಪ್ಪತ್ತು ಸೆಕೆಂಡು. ಮತ್ತೆ ಹೇಳಿದೆ. ಇಪ್ಪತ್ತು. ಒಲೆಯ ಮುಂದೆ ನಿಂತು ಹೇಳಿದೆ, ಬಟ್ಟೆ ಮಡಿಸುತ್ತ ಹೇಳಿದೆ. ಒಮ್ಮೆ ಹತ್ತೊಂಬತ್ತು, ಒಮ್ಮೆ ಇಪ್ಪತ್ತೊಂದು. ಯಜಮಾನರು ಗಡಿಯಾರವನ್ನು ಕಿವಿಗೆ ಹಿಡಿದು, "ನೀನು ಸರಿ ಅದೀ. ಇದೇ ದಿನಕ್ಕೆರಡು ನಿಮಿಷ ಹಿಂದ ಬೀಳ್ತದ" ಎಂದರು. ಮದುವೆಯಾದ ಮೇಲೆ ಅವರು ತಕರಾರಿಲ್ಲದೆ ಒಪ್ಪಿಕೊಂಡ ಮೊದಲ ಮಾತು ಅದು. ಅದನ್ನೂ ಕೃಪೆಯ ಲೆಕ್ಕಕ್ಕೆ ಹಾಕಿಕೊಂಡೆ.

ಎಂದರೆ ಏಳನೆಯ ಗುಮಾಸ್ತ ನಲವತ್ತು ಸೆಕೆಂಡು ಕಾದಿದ್ದ. ಪಟ್ಟಿ ಎರಡು ಎನ್ನುತ್ತಿತ್ತು. ಮೂವತ್ತೆಂಟು ಸೆಕೆಂಡನ್ನು ಯಾರೋ ತಿಂದಿದ್ದರು.

ಯಾರೆಂದು ತಿಳಿದದ್ದು ಸಂಜೆ ದೇವರ ಮುಂದೆ ದೀಪ ಹಚ್ಚುವಾಗ. ಅಲ್ಲಿ ಯಜಮಾನರ ಪಂಚಪಾತ್ರೆ ಇತ್ತು, ಆಚಮನದ ನೀರಿಡುವ ಸಣ್ಣ ತಾಮ್ರದ ಲೋಟ. ಅದರ ಪಕ್ಕದಲ್ಲಿ, ಊರಿಂದ ಬಂದಿದ್ದ ನನ್ನ ಮಾವನವರದು ಬೇರೆ. ಅಪ್ಪ ಮಗ ಒಂದೇ ಮಣೆಯ ಮೇಲೆ ಬೇಕಾದರೆ ಕೂತಾರು, ಒಬ್ಬರ ಪಂಚಪಾತ್ರೆಗೆ ಇನ್ನೊಬ್ಬರು ಕೈ ಹಾಕರು. ಮಡಿಯ ಮನೆಯಲ್ಲಿ ಬೆಳೆದವಳು ನಾನು, ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗಿದ್ದೂ ಇಪ್ಪತ್ತು ಗುಮಾಸ್ತರಿಗೆ ಸೇರಿ ಒಂದೇ ಪಂಚಪಾತ್ರೆ ಇಟ್ಟು ಬಂದಿದ್ದೆ.

ಆಗುತ್ತಿದ್ದದ್ದು ಇಷ್ಟೇ. ಏಳನೆಯವನು ಬಂದು 'ಇಟ್ಟದ್ದು' ಡಬ್ಬಿಯಲ್ಲಿ ತನ್ನ ಹೊತ್ತು ಹಾಕುವನು. ಅವನ ಕೆಲಸ ಮುಗಿಯುವ ಮೊದಲೇ ಎಂಟನೆಯವನು ಬಂದು ಅದನ್ನು ಚೆಲ್ಲಿ ತನ್ನದು ಹಾಕುವನು, ಆಮೇಲೆ ಒಂಬತ್ತನೆಯವನು, ಆಮೇಲೆ ಹತ್ತನೆಯವನು. ಏಳನೆಯವನು ನಲವತ್ತು ಸೆಕೆಂಡು ಕಾದು, ಮುಗಿಯಿತೆಂದು ಕಳೆಯಲು ಬಂದಾಗ ಡಬ್ಬಿಯಲ್ಲಿರುವುದು ಈಗ ತಾನೇ ಬಂದವನ ಹೊತ್ತು. ಅದಕ್ಕೇ ಎರಡು ಸೆಕೆಂಡು, ಅದಕ್ಕೇ ಸೊನ್ನೆ. ಎಲ್ಲರಿಗಿಂತ ಕೊನೆಗೆ ಬಂದವನ ಹೊತ್ತನ್ನು ಮಾತ್ರ ಚೆಲ್ಲಲು ಯಾರೂ ಇರಲಿಲ್ಲ. ಪಟ್ಟಿಯಲ್ಲಿ ಖರೇ ಹೇಳಿದ್ದ ಒಬ್ಬನೇ ಒಬ್ಬ ಅವನು, ನಲವತ್ತೊಂದು ಸೆಕೆಂಡಿನವನು. ಅವನನ್ನೇ ನಾವು ಹೊಲಸೆಂದು ತೆಗೆದುಹಾಕಿದ್ದೆವು.

ದೀಪ ಹಚ್ಚಿ ಕೆಳಗೆ ಹೋದೆ. ಸರ್ ಕ್ಲಾಸಿಗೆ ಬೀಗ ಹಾಕುತ್ತಿದ್ದರು. ಪಂಚಪಾತ್ರೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಅವರು ಬೀಗ ಹಿಡಿದುಕೊಂಡೇ ನಿಂತರು.

"ಅಕ್ಕೋರ, ರಿಪೋರ್ಟ್ ಹೋಗ್ಯಾದ."

"ಹೋಗ್ಲಿ ಸರ್. ವಾಪಸ್ ತರೋಣು."

"ಸಹಿ ಮಾಡೀವ್ರಿ. ಈಗ ತಪ್ಪಾಗ್ಯಾದ ಅಂದ್ರ ಈ ಐದೂ ಊರಾಗ ನನ್ ಕ್ಲಾಸಿಗಿ ಯಾರ್ ಬರ್ತಾರ?"

"ಹತ್ತನೇವ್ರಾಗಿ ನಾ ಬರ್ತೀನಿ" ಎಂದೆ. ಅವರಿಗೆ ನಗು ಬರಲಿಲ್ಲ. ಆದರೂ ಬೀಗ ತೆಗೆದರು.

ಸರಿಪಡಿಸಲು ಹಿಡಿದ ಹೊತ್ತು ನಾಲ್ಕು ಸುತ್ತು ನಾಮವೂ ಇಲ್ಲ. ಮೇಲಿನ ಎರಡು ಸಾಲನ್ನು ತೆಗೆದು ಕೆಳಗೆ, ಒಬ್ಬೊಬ್ಬನ ಕೆಲಸದೊಳಗೆ ಬರೆದೆ, ಅಷ್ಟೇ. ಏಜೆನ್ಸಿಯ ಹಿಂದಿನ ಕೋಣೆಗೆ ಹೋಗಿ ಓಡಿಸಿದೆವು. ಒಬ್ಬನೇ ಗುಮಾಸ್ತ: ನಾಲ್ಕು ಸೆಕೆಂಡು, ಮೊದಲಿನಂತೆಯೇ. ಇಪ್ಪತ್ತು ಗುಮಾಸ್ತರು: ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು, ನಲವತ್ತು. ಸರ್ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. "ಮೆಮರಿ ಉಳಿಸಿದ್ರಿ ಅಂತ ನಾನೇ ಅಂದಿದ್ದೆ, ಅಲ್ರಿ?" ಎಂದರು. ಹೌದೆಂದೆ. "ಅದನ್ನ ಸೋಮವಾರ ಹೇಳಬ್ಯಾಡ್ರಿ" ಎಂದರು.

ಭಾನುವಾರ ದ್ವಾದಶಿ, ಪಾರಣೆ ಮುಗಿಸಿ ಹೊಸ ರಿಪೋರ್ಟನ್ನು ಕೈಯಲ್ಲೇ ಬರೆದೆ. ಯಂತ್ರದ ಮೇಲೆ ಆ ದಿನ ನನಗೆ ಸ್ವಲ್ಪ ಮುನಿಸಿತ್ತು.

ಸೋಮವಾರ ಹನ್ನೊಂದಕ್ಕೆ ನಾವು ಹೋದಾಗ ಮಾಲೀಕರು ಮೇಜಿನ ಹಿಂದೆ ಇದ್ದರು. ಅವರ ಭಾವಮೈದುನರು ಚಿತ್ತಾಪುರದಿಂದ ಬಂದು ಸೋಫಾದಲ್ಲಿದ್ದರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಅಳಿಯ. ಕೌಂಟರಿನಾಕೆ ಬಾಗಿಲ ಹತ್ತಿರ ಸ್ಟೂಲಿನ ತುದಿಯಲ್ಲಿ ಕೂತಿದ್ದಳು; ಚಿತ್ತಾಪುರದ ಬೆಳಗಿನ ಬಸ್ಸು ಶಹಾಬಾದಿಗೆ ಒಂಬತ್ತೂವರೆಗೇ ಮುಟ್ಟುತ್ತದೆ. ಇಪ್ಪತ್ತೈದರ ಆಸುಪಾಸು, ಎಣ್ಣೆ ಹಚ್ಚಿ ಬಿಗಿದ ಜಡೆ, ಮಡಿಲಲ್ಲಿ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಕೀಲಿಕೈ. ಅದನ್ನು ಆಗಲೇ ಬಿಚ್ಚಿ ಇಟ್ಟುಕೊಂಡಿದ್ದಳು.

ಸರ್ ನನ್ನನ್ನು ಮುಂದೆ ಬಿಟ್ಟರು. ನಾನೇ ಹೇಳಿದೆ.

"ಸಾಹೇಬ್ರ, ಶುಕ್ರವಾರದ ರಿಪೋರ್ಟ್ ತಪ್ಪದ. ತಪ್ಪು ನಂದು. ಮೂರು ಸೆಕೆಂಡ್ ಅಲ್ರಿ, ನಲವತ್ತು."

ಮಾಲೀಕರು ಕನ್ನಡಕ ತೆಗೆದರು. "ಮೂರು ಎಲ್ಲಿ, ನಲವತ್ತು ಎಲ್ಲಿ? ಇದೇನು ಕಾಯಿಪಲ್ಲೆ ರೇಟೇನ್ರಿ ದಿನಾ ಬದಲಾಗ್ಲಿಕ್ಕೆ?"

ಡಬ್ಬಿಯ ವಿಷಯ ಹೇಳಿದೆ. ಅವರ ತಲೆಗೆ ಹತ್ತಲಿಲ್ಲ. ಆಗ ಮೇಜಿನ ಮೇಲಿದ್ದ ಸ್ಲೇಟಿನಂಥ ಕ್ಯಾಲೆಂಡರ್ ಹಲಗೆಯನ್ನು ತೋರಿಸಿ ಕೇಳಿದೆ: "ಸಾಹೇಬ್ರ, ಇಲ್ಲಿಗಿ ಬರೋರು ಎಲ್ಲಾರೂ ಬಂದ ಟೈಮ್ ಈ ಒಂದೇ ಹಲಗಿ ಮ್ಯಾಲ ಬರೀಬೇಕು. ಬರಿಯೋಕ್ಕಿಂತ ಮದ್ಲ ಹಿಂದಿನವ್ರದು ಅಳಸ್ಬೇಕು. ಈಕಿ ಚಿತ್ತಾಪುರದಿಂದ ಒಂಬತ್ತೂವರಿಗೆ ಬಂದು ಬರದ್ಲು. ನಾವು ಹನ್ನೊಂದಕ್ಕ ಬಂದು ಅಳಸಿ ಬರದ್ವಿ. ಈಗ ಹನ್ನೊಂದು ದಾಟಿ ಎರಡು ನಿಮಿಷ. ಈಕಿ ಎಷ್ಟೊತ್ತಿಂದ ಕಾಯ್ಲಿಕತ್ತಾಳ ಅಂತ ಹಲಗಿ ಏನ್ ಹೇಳ್ತದ?"

"ಎರಡು ನಿಮಿಷ" ಎಂದರು ಮಾಲೀಕರು. ಆಮೇಲೆ ಬಾಗಿಲ ಕಡೆ ನೋಡಿದರು. "ಒಂಬತ್ತೂವರಿಗೇ ಬಂದೀಯೇನವ್ವ?"

"ಹೌದ್ರಿ. ಬಸ್ ಅದೇ ಇತ್ತು."

"ಯಾರೂ ಹೇಳಲಿಲ್ಲಲ್ಲ ನಂಗ."

"ಯಾರೂ ಕೇಳಲಿಲ್ರಿ" ಎಂದಳಾಕೆ.

ಭಾವಮೈದುನರು ಸೋಫಾದಿಂದ, "ಇವ್ರ ಮಾತು ನಂಬಬ್ಯಾಡ್ರಿ, ಶುಕ್ರವಾರ ಒಂದು ಸೋಮವಾರ ಒಂದು. ನಾಳಿಗಿ ಎಂಬತ್ತಂತಾರ" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು, ಒಪ್ಪಬೇಕು. ಹಾಗಾದರೆ ಎದುರಿಗೇ ನೋಡೋಣ ಎಂದೆ.

ಎಲ್ಲರೂ ಹಿಂದಿನ ಕೋಣೆಗೆ ಹೋದೆವು. ಇಪ್ಪತ್ತು ಗುಮಾಸ್ತರನ್ನು ಬಿಟ್ಟೆ. ಪಕ್ಕದ ಕಂಪ್ಯೂಟರಿನ ಮುಂದೆ ಅಳಿಯನನ್ನೇ ಕೂಡಿಸಿ, "ನೀವೇ ಒಂದು ಬುಕಿಂಗ್ ಮಾಡ್ರಿ, ಸಾಹೇಬ್ರು ಟೈಮ್ ನೋಡ್ತಾರ" ಎಂದೆ. ಮಾಲೀಕರು ಕೈಗಡಿಯಾರ ಬಿಚ್ಚುತ್ತ, ಇದು ಹತ್ತು ನಿಮಿಷ ಮುಂದಿದೆ, ನಡೆದೀತೇ ಎಂದು ಸಂಕೋಚದಿಂದ ಕೇಳಿದರು. ನಡೆಯುತ್ತದೆ, ಎರಡೂ ಸಲ ಅದನ್ನೇ ನೋಡಿದರಾಯಿತು ಎಂದೆ. ಅಳಿಯ ನಂಬರು ಹೊಡೆದು ಗುಂಡಿ ಒತ್ತಿದ. ತೆರೆಯ ಮೇಲೆ ಮರಳು ಗಡಿಯಾರದ ಚಿತ್ರ ನಿಂತಿತು. ಅವನು ಮತ್ತೆ ಒತ್ತಿದ. ಕುರ್ಚಿ ಸರಿಸಿದ. ಮಾವನ ಮುಖ ನೋಡಿದ. ಮತ್ತೆರಡು ಸಲ ಒತ್ತಿದ. ನಾನು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೋದೆ. ಅಳಿಯನ ಇಸ್ತ್ರಿ ಅಂಗಿ ಬೆನ್ನಿಗಂಟುತ್ತಿತ್ತು. ಚೀಟಿ ಬಂತು.

"ನಲವತ್ತೆರಡು" ಎಂದರು ಮಾಲೀಕರು. ಭಾವಮೈದುನರ ಕಡೆ ತಿರುಗಿ, "ನಿಮ್ಮ ಅಳಿಯಂದ್ರು ಭಾಳ ಸಾವಕಾಶ ಅದಾರಲ್ರಿ" ಎಂದರು.

ಕೌಂಟರಿನಾಕೆ ಆಗ ನಕ್ಕಳು, ಸೆರಗಿನ ಹಿಂದೆ. ಕೀಲಿಕೈ ಮತ್ತೆ ಕರವಸ್ತ್ರದೊಳಗೆ ಹೋಯಿತು. ಅಳಿಯ ಹೊರಗೆ ಬರುವಾಗ ಆಕೆಯ ಹತ್ತಿರ ನಿಂತು, "ದಿನಾ ಹಿಂಗೇ ಆಗ್ತದೇನ್ರಿ?" ಎಂದು ಕೇಳಿದ. "ಇವತ್ತು ಜರಾ ಜಲ್ದಿನೇ ಬಂತ್ರಿ" ಎಂದಳು.

ಸಾಫ್ಟ್‌ವೇರ್ ಕೊಟ್ಟವರನ್ನು ಮಾಲೀಕರು ಕರೆಸಿದರು. ಪ್ರತಿ ಬುಕಿಂಗಿಗೂ ಅದು ಐದೂ ಊರಿನ ಗಿರಾಕಿಗಳ ಪಟ್ಟಿಯನ್ನು ಮೊದಲ ಹೆಸರಿನಿಂದ ಓದುತ್ತ ಬರುತ್ತಿತ್ತಂತೆ. ಅದನ್ನು ತಿದ್ದಿದರು. ನಾನು ಮತ್ತೆ ಅಳೆದೆ: ಇಪ್ಪತ್ತು ಜನರಿಗೆ ಐದು ಸೆಕೆಂಡು, ಅವರವರ ಡಬ್ಬಿಯಲ್ಲಿ. ಕ್ಲಾಸಿನ ಸರ್‌ಗೆ ಮುಂದಿನ ಬ್ಯಾಚಿಗೆ ಹನ್ನೊಂದು ಜನ ಬಂದರು. ಹನ್ನೊಂದನೆಯವನು ಆ ಅಳಿಯ.

ಒಂದೆರಡು ತಿಂಗಳ ಮೇಲೆ ಚಿತ್ತಾಪುರಕ್ಕೆ ಸಂಬಂಧಿಕರ ಮನೆಯ ನಾಮಕರಣಕ್ಕೆ ಹೋದವಳು ಏಜೆನ್ಸಿಯ ಮುಂದೆ ಹಾದು ಹೋಗುತ್ತಿದ್ದೆ. ಸರತಿಯಲ್ಲಿ ನಾಲ್ಕೇ ಜನ. ಕಿಟಕಿಯ ಹತ್ತಿರ ಹೋದೆ. ಆಕೆ ಗುಂಡಿ ಒತ್ತಿ ಚೀಟಿಗೆ ಕೈ ಚಾಚಿಕೊಂಡು ಕೂತಿದ್ದಳು, ತುಟಿ ಅಲ್ಲಾಡುತ್ತಿತ್ತು. ನನ್ನ ಮನಸ್ಸು ತುಂಬಿ ಬಂತು. ಆ ದಿನ ಹಿಂದಿನ ಕೋಣೆಯಲ್ಲಿ ನನ್ನನ್ನು ನೋಡಿ ಕಲಿತಿರಬೇಕು ಎಂದುಕೊಂಡೆ.

"ಯಾವ ನಾಮ ಹೇಳ್ತೀ ತಂಗಿ?" ಎಂದೆ.

"ನಾಮ ಅಲ್ರಿ ಅಕ್ಕೋರ. ನಾವು ಬುದ್ಧನ ಮಂದಿ, ನಿಮ್ಮ ದೇವ್ರ ನಾಮ ನಂಗ ಬರಂಗಿಲ್ಲ." ಆಕೆ ಸ್ವಲ್ಪ ನಾಚಿದಳು. "ನಾ ನಮ್ಮೂರ ಬಸ್‌ನ ಸ್ಟಾಪ್ ಹೇಳ್ತೀನ್ರಿ. ಕೆಲಸಕ್ಕ ಸೇರಿದಾಗಿಂದ ಅದೇ ರೂಢಿ. ಇಲ್ಲಿ ಬಸ್‌ಸ್ಟ್ಯಾಂಡ್, ಕಮಾನು, ಕಲ್ಲಿನ ಖಣಿ, ಜೋಡಿ ಬೇವಿನ ಗಿಡ, ಹಳ್ಳ, ಸಾಲಿ, ಊರ ಅಗಸಿ, ನಮ್ಮ ಮನಿ."

ನನ್ನ ಎಣಿಕೆಗಿಂತ ಮೊದಲೇ ಆಕೆಯ ಎಣಿಕೆ ಇತ್ತು. ಯಂತ್ರ ತಡ ಮಾಡುತ್ತದೆಂದು ಆಕೆಗೆ ನಮಗಿಂತ ಎಷ್ಟೋ ಮುಂಚೆ, ದಿನಾ, ಗಿರಾಕಿಗೊಮ್ಮೆ ಗೊತ್ತಾಗುತ್ತಿತ್ತು.

"ಮದ್ಲ ಎಷ್ಟಾಗ್ತಿತ್ತು?" ಎಂದೆ.

"ಮದ್ಲ ಊರಿಗಿ ಹೋಗಿ, ಮನಿ ಮುಟ್ಟಿ, ವಾಪಸ್ ಇಲ್ಲಿಗಿ ಬಂದು, ಮತ್ತ ಖಣಿ ತನಕ ಹೋಗ್ತಿದ್ದೆರಿ. ಆಮ್ಯಾಲ ಚೀಟಿ."

"ಈಗ?"

ಚೀಟಿ ಬಂತು. ಆಕೆ ಹರಿದು ಮುಂದಿನವರ ಕೈಗೆ ಕೊಟ್ಟಳು.

"ಈಗ ಕಮಾನೂ ದಾಟಂಗಿಲ್ರಿ" ಎಂದಳು. "ಹಗಲೆಲ್ಲ ಇಲ್ಲೇ ಇರ್ತೀನಿ."